ಏಳನೆಯ ದಿನ ಬೆಲ್ಟು ಬಿದ್ದದ್ದು

ಕೊಪ್ಪದ ಆ ಖಾಸಗಿ ಮಾನಸಿಕ ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಸತತ ಏಳು ದಿನ ಮಂಚಕ್ಕೆ ಕಟ್ಟುವ ಪ್ರಸಂಗ ಬಾರದಿದ್ದರೆ ರೋಗಿ ಮನೆಗೆ ಹೋಗಬಹುದು. ಕಡಹಿನಬೈಲಿನ ತೋಟದಾಳು ಐತನಿಗೆ ಅಂದು ಏಳನೆಯ ದಿನ. ಬೆಳಿಗ್ಗೆಯೇ ಬಟ್ಟೆ ಗಂಟು ಕಟ್ಟಿಕೊಂಡು ಕೂತಿದ್ದ.

ಮೊದಲೆಲ್ಲ ಬೆಳಗಿನ ಐದಕ್ಕೆ ಮೈಮೇಲೆ ತಣ್ಣೀರು ಸುರಿದಾಗ ಅವನು ಚೊಂಬು ಬೀಸುತ್ತಿದ್ದ, ನಾಲ್ವರು ಸೇರಿ ಕಟ್ಟುತ್ತಿದ್ದರು. ವಾರದ ಹಿಂದೆ ಆಯಾ ಹೊನ್ನಕ್ಕ ಎಲ್ಲರ ಸ್ನಾನವನ್ನು ಸಂಜೆಗೆ ಹಾಕಿ ಬಿಸಿನೀರು ಕೊಟ್ಟಳು. ತೋಟದ ಕೆಲಸದವರು ಮೈ ತೊಳೆಯುವುದೇ ಸಂಜೆ ಎಂದು ತಿಳಿಯಲು ಅವಳಿಗೆ ತರಬೇತಿ ಬೇಕಾಗಿರಲಿಲ್ಲ. ಆ ವಾರ ವಾರ್ಡಿನಲ್ಲಿ ಯಾರನ್ನೂ ಕಟ್ಟಲಿಲ್ಲ.

ಅದೆಲ್ಲ ತಾನು ಬಾಗಿಲಿಗೆ ಅಂಟಿಸಿದ ‘ಶಾಂತಿಯೇ ಚಿಕಿತ್ಸೆ’ ಪೋಸ್ಟರಿನ ಮಹಿಮೆ ಎಂದು ಸೂಪರ್‌ವೈಸರ್ ವೆಂಕಟರಮಣ ಮೇಲಿನವರಿಗೆ ಬರೆದ. ಮಹಿಮೆ ನೋಡಲು ಶಿವಮೊಗ್ಗದಿಂದ ಡಾಕ್ಟರಮ್ಮ ಬಂದರು.

"ಮೊದಲು ಹೇಗೆ ಕಟ್ತಿದ್ರಿ?" ಎಂದು ಅವರು ಕೇಳಿದ್ದೇ ತಡ, ವೆಂಕಟರಮಣ ಬೆಲ್ಟು ತಂದ.

"ತೋರಿಸ್ತೀನಿ ಮೇಡಂ. ಐತ, ಮಲಗೋ."

ಐತ ಗೋಡೆಗೆ ಒತ್ತಿ ನಿಂತ. "ಕಟ್ಟಿದ್ರೆ ಪುಸ್ತಕದಲ್ಲಿ ಬರೀತೀರಿ ಅಯ್ಯಾ. ಮತ್ತೆ ಏಳು ದಿನ."

"ಬರೀಲೇಬೇಕಲ್ಲ ಮಾರಾಯ, ರೂಲ್ಸು. ಎರಡೇ ನಿಮಿಷ."

ಐತನ ಮುಷ್ಟಿ ಬಿಗಿಯಿತು. ಅದು ಕಂಡದ್ದು ಹೊನ್ನಕ್ಕನಿಗೆ ಮಾತ್ರ. ನಡುವೆ ಬಂದಳು.

"ಅವನಿಗೆ ಕಟ್ಟಿಸ್ಕೊಂಡು ರೂಢಿ ಸಾರ್, ಮೇಡಂಗೆ ಎಂತ ಗೊತ್ತಾಗ್ತದೆ? ನೀವು ಮಲಗಿ. ನಿಮಗೆ ಬುದ್ಧಿ ಸರಿ ಇದೆ, ಹೇಗಾಯ್ತು ಅಂತ ಹೇಳಬಹುದು."

ಡಾಕ್ಟರಮ್ಮ "ಆಗಲಿ" ಎಂದು ಗಡಿಯಾರ ನೋಡಿದರು. ವೆಂಕಟರಮಣ ನಗುತ್ತಲೇ ಮಲಗಿದ. ಹೊನ್ನಕ್ಕ ಕೈಕಾಲು ಕಟ್ಟಿದಳು. ಅರ್ಧ ನಿಮಿಷಕ್ಕೆ ಅವನ ಮೂಗು ತುರಿಸಿತು.

"ಸಾಕು, ಬಿಚ್ಚು. ಮೂಗು ತುರಿಸ್ತಿದೆ."

"ಎರಡು ನಿಮಿಷ ಅಂದಿದ್ರಲ್ಲ ಸಾರ್."

"ಬಿಚ್ಚೇ! ನಿನ್ನ ಕೆಲಸ ತೆಗೀತೀನಿ!" ಮಂಚ ಕುಣಿಯಿತು, ಸ್ಟೂಲು ಉರುಳಿತು.

ಐತ ಮೆಲ್ಲಗೆ ಹತ್ತಿರ ಹೋಗಿ ಅವನ ಮೂಗು ತುರಿಸಿದ. "ಕೂಗಬೇಡಿ ಅಯ್ಯಾ. ಕೂಗಿದ್ರೆ ಇನ್ನೊಂದು ಬೆಲ್ಟು ಹಾಕ್ತಾರೆ."

ಬಿಚ್ಚಿದ ಮೇಲೆ ಹೊನ್ನಕ್ಕ ಪುಸ್ತಕ ತಂದು ಮುಂದಿಟ್ಟಳು. "ರೂಲ್ಸು ಸಾರ್."

ಡಾಕ್ಟರಮ್ಮನೇ ಬರೆದರು. ಕಟ್ಟಿದ್ದು: ವೆಂಕಟರಮಣನನ್ನು. ರೇಗಾಟ: ಕಟ್ಟಿದ ಮೇಲೆ ಶುರು.

ಐತ ಮಧ್ಯಾಹ್ನದ ಎನ್.ಆರ್.ಪುರ ಬಸ್ಸಿಗೆ ಹೊರಟ. ಮರುದಿನದಿಂದ ವೆಂಕಟರಮಣ ವಾರ್ಡಿಗೆ ಕಾಲಿಟ್ಟಾಗಲೆಲ್ಲ ಯಾವುದಾದರೂ ಮಂಚದಿಂದ ಕಾಳಜಿಯ ಪ್ರಶ್ನೆ ಬರುತ್ತಿತ್ತು:

"ಇವತ್ತಿಗೆ ನಿಮಗೆ ಎಷ್ಟನೇ ದಿನ ಸಾರ್?"