ಅರ್ಧ ಮೀಸೆಯ ಅರಸ

ನಿವೃತ್ತನಾದ ಅಂಚೆಯಣ್ಣನಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಮದುವೆ ಗೊತ್ತಾಯಿತು. ಹೆಣ್ಣು, ಅವನು ಮೂವತ್ತು ವರ್ಷ ಕಾಗದ ತಲುಪಿಸಿದ ಲೈಬ್ರರಿಯ ಮೇಡಂ. ರಿಜಿಸ್ಟರ್ ಆಫೀಸಿಗೆ ತಾತನ ಕೋಟನ್ನೇ ಹಾಕಿಕೊಂಡು ಹೋಗುವುದೆಂದು ಹಟ ಹಿಡಿದು, ಅದನ್ನು ಹೊಲಿಗೆಯಕ್ಕನ ಅಂಗಡಿಗೆ ತಂದ. ತಾತ ಸಣ್ಣದೊಂದು ಸಂಸ್ಥಾನದ ಅರಮನೆ ಬ್ಯಾಂಡಿನಲ್ಲಿ ಇದೇ ಕೋಟು ತೊಟ್ಟು ಕಹಳೆ ಊದುತ್ತಿದ್ದವರು.

"ಹೊಟ್ಟೆ ಹತ್ರ ಒಂಚೂರು ಬಿಡ್ಬೇಕಕ್ಕ."

"ಒಂಚೂರಲ್ಲ ಅಂಚೆಯಣ್ಣ, ಒಂದು ಪಾರ್ಸಲ್ ಹಿಡಿಸೋವಷ್ಟು ಬಿಡ್ಬೇಕು."

ಕೋಟಿಗೆ ಬಟ್ಟೆ ಹೊದಿಸಿದ ಐದು ದಪ್ಪ ಗುಂಡಿಗಳು. ಮರುದಿನ ಬೆಳಿಗ್ಗೆ ಹೊಸ ಬಟ್ಟೆ ಹೊದಿಸಲೆಂದು ಹೊಲಿಗೆಯಕ್ಕನ ನಾದಿನಿ ಅವನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಎರಡರಲ್ಲಿ ಮರದ ಬಿಲ್ಲೆ. ಮೂರನೆಯದನ್ನು ಬಿಚ್ಚಿದವಳೇ ಕಿರುಚಿದಳು.

"ಅತ್ತಿಗೇ, ಚಿನ್ನ!"

ನಾಣ್ಯದ ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ನೇರ ಎದುರು ನೋಡುವ ಅರಸನ ಮುಖ. ಅತ್ತಿಗೆ ನಾದಿನಿ ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಓಡಿದರು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಕೋಟು. ಬಾಗಿಲು ತೆರೆದ ಅಂಚೆಯಣ್ಣನ ಮುಖ ಬಿಳಿಚಿಕೊಂಡಿತು.

"ಇಸ್ತ್ರಿ ಮಾಡೋಕೆ ಹೋಗಿ ಸುಟ್ಟುಬಿಟ್ರಾ ಕೋಟನ್ನ?"

ಹೊಲಿಗೆಯಕ್ಕ ಉಸಿರು ಬಿಡಲಾರದೆ ಅಂಗೈ ಬಿಚ್ಚಿ ತೋರಿಸಿದಳು. ಅಲ್ಲೇ ಕುಳಿತು ಆಮಂತ್ರಣ ಬರೆಯುತ್ತಿದ್ದ ಮೇಡಂ ಎಲ್ಲರನ್ನೂ ಒಂದೇ ಆಟೋದಲ್ಲಿ ತುಂಬಿಸಿ ಮ್ಯೂಸಿಯಮ್ಮಿಗೆ ಹೊರಡಿಸಿದರು.

ನಾಣ್ಯ ವಿಭಾಗದ ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಕುರ್ಚಿ ಬಿಟ್ಟೆದ್ದು ಕೋಣೆಯನ್ನು ಎರಡು ಸುತ್ತು ಸುತ್ತಿದರು.

"ಮೀಸೆ ನೋಡಿ, ಮೀಸೆ! ಒಂದೇ ಕಡೆ ಇದೆ! ಅಚ್ಚು ಕೊರೆದವನು ಇನ್ನೊಂದು ಕಡೆ ಮರೆತುಬಿಟ್ಟಿದ್ದ. ಪಟ್ಟಾಭಿಷೇಕದ ದಿನ ಅರಮನೆ ನೌಕರರಿಗೆಲ್ಲ ಹಂಚಿಯೂ ಆಗಿತ್ತು. ಅರಸರು ಕೆಂಡಾಮಂಡಲವಾಗಿ ಎಲ್ಲಾನೂ ವಾಪಸ್ ತರಿಸಿ ಕರಗಿಸಿದ್ರು. ದಫ್ತರದಲ್ಲಿ ಓದಿದ್ದೆ, ಕಣ್ಣಾರೆ ಕಂಡಿದ್ದು ಇವತ್ತೇ. ಒಂದು ಮಾತ್ರ ಲೆಕ್ಕಕ್ಕೆ ಸಿಕ್ಕಿರಲಿಲ್ಲ."

"ಅಂದ್ರೆ ನಮ್ಮ ತಾತ ಕೊಡ್ಲಿಲ್ಲ," ಎಂದ ಅಂಚೆಯಣ್ಣ ಮೆಲ್ಲಗೆ.

"ಕೊಡ್ದೆ, ಅದನ್ನೇ ಹೊಟ್ಟೆ ಮೇಲೆ ಹೊಲಿದುಕೊಂಡು, ದಿನಾ ಆ ಅರಸರ ಮುಂದೆಯೇ ಕಹಳೆ ಊದಿದ್ದಾರೆ!" ಎಂದರು ಮೇಡಂ.

ಮೊದಲು ನಕ್ಕದ್ದು ನಾದಿನಿ. ಬಳಿಕ ಯಾರಿಗೂ ತಡೆಯಲಾಗಲಿಲ್ಲ. ಅಂಚೆಯಣ್ಣ ಕಣ್ಣೊರೆಸಿಕೊಳ್ಳುತ್ತ ನಕ್ಕ. ಮೇಷ್ಟ್ರು ಮೇಜು ಹಿಡಿದುಕೊಂಡು ನಕ್ಕರು. ಗದರಿಸಲು ಬಂದ ಕಾವಲುಗಾರನೂ ಮೀಸೆ ನೋಡಿ ಬಾಗಿಲಿಗೆ ಒರಗಿಬಿಟ್ಟ.

ನಾಣ್ಯವನ್ನು ಮ್ಯೂಸಿಯಮ್ಮಿಗೇ ಕೊಡುವುದೆಂದು ಅಂಚೆಯಣ್ಣ ಅಲ್ಲೇ ಹೇಳಿದ. ಮೇಡಂ ಒಂದು ಷರತ್ತು ಹಾಕಿದರು: "ಮದುವೆ ಮುಗಿದ ಮೇಲೆ."

ಹೊಲಿಗೆಯಕ್ಕ ಅದನ್ನು ಮತ್ತೆ ಗುಂಡಿಯೊಳಗಿಟ್ಟು, ಜೋಡಿ ದಾರದಲ್ಲಿ ಭದ್ರವಾಗಿ ಹೊಲಿದಳು. ಮದುವೆಯ ದಿನ ಕರೆಯದಿದ್ದರೂ ಮೇಷ್ಟ್ರು ಎಲ್ಲರಿಗಿಂತ ಮೊದಲೇ ಬಂದರು. ಸಾಕ್ಷಿಗೆ ಒಬ್ಬರು ಕಡಿಮೆಯಿದ್ದುದರಿಂದ ಅವರೇ ಸಹಿ ಹಾಕಿದರು. ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಮೇಷ್ಟ್ರೊಬ್ಬರು ಮಾತ್ರ ಮದುಮಗನ ಹೊಟ್ಟೆಯನ್ನೇ ನೋಡುತ್ತಿದ್ದಾರೆ.