ಕೆಟ್ಟ ಲೇಪ

"ಸ್ವಲ್ಪ ಎತ್ತೇ, ಕೈ ಒಳಗೆ ಸಿಕ್ಕಾಕ್ಕೊಂಡಿದೆ," ಎಂದಳು ಚಿಕ್ಕಮ್ಮ. ಮಗಳು ತೀರಿಕೊಂಡ ಅಮ್ಮನ ಬಲಗೈಯನ್ನು ಹೊದಿಕೆಯಿಂದ ಬಿಡಿಸಿ ಎದೆಯ ಮೇಲಿಟ್ಟಳು. ರಾಸಾಯನಿಕಕ್ಕೆ ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು.

"ಕ್ಯಾನ್ಸರ್ ಬಂದಿದ್ದು ರಕ್ತಕ್ಕೆ. ಇವಳು ಕೊರಗಿದ್ದು ಈ ಕೈ ಕೆಟ್ಟೋಯ್ತು ಅಂತ," ಎಂದು ಚಿಕ್ಕಮ್ಮ ಮೂಗು ಒರೆಸಿಕೊಂಡಳು.

*

ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಗಳಿಗೆ ಪಾಲಿಮರ್ ಲೇಪ ಹಚ್ಚುವುದು ಅಮ್ಮನ ಕೆಲಸ. ಲೇಪ ಸರಿಯಿದ್ದರೆ, ಮೇಲೆ ಸುರಿದ ರಕ್ತದಲ್ಲಿ ಒಂದು ಜಾತಿಯ ಬಿಳಿಕಣ ಅಂಟಿಕೊಂಡು ಉಳಿದವು ಜಾರಿಹೋಗಬೇಕು. ಪರೀಕ್ಷೆಗೆ ರಕ್ತವೂ ಅವಳದೇ. ಕೇಳಿದಾಗೆಲ್ಲ ತೋಳು ಚಾಚುವ ಇನ್ನೊಬ್ಬ ಪುಣ್ಯಾತ್ಮ ಅಲ್ಲಿರಲಿಲ್ಲ.

ಒಂದು ದಿನ ಪಟ್ಟಿಯ ತುಂಬ ಬೇಡದ ಕಣಗಳೂ ಮುತ್ತಿಕೊಂಡವು.

"ಏನ್ರೀ ಇದು? ಗೋಡೆಗೆ ಸುಣ್ಣ ಬಳಿಯೋರು ಇದಕ್ಕಿಂತ ಚೆನ್ನಾಗಿ ಬಳೀತಾರೆ," ಎಂದರು ಮುಖ್ಯಸ್ಥರು, ಎಲ್ಲರೆದುರಿಗೆ.

ಮರುದಿನವೂ ಅದೇ. ಅಮ್ಮ ಪಟ್ಟಿಗಳನ್ನು ಮನೆಗೆ ತಂದು, ಅಡುಗೆಮನೆಯಲ್ಲಿ ಕೂತು ಹಚ್ಚಿದಳು, ನೀರು ಬಿಟ್ಟು ನೋಡಿದಳು. ಒಳ್ಳೆಯ ಲೇಪದ ಮೇಲೆ ನೀರು ಹನಿಗಟ್ಟುವುದಿಲ್ಲ, ಹಾಸಿಕೊಳ್ಳುತ್ತದೆ. ಹಾಸಿಕೊಳ್ಳುತ್ತಲೇ ಇತ್ತು. ಅವಳು ತನ್ನ ಕಣ್ಣನ್ನೂ ನಂಬದಾದಳು. ಜ್ವರ, ಸುಸ್ತು ಬಂದರೂ ರಜೆ ಕೇಳಲು ಅವಳಿಗೆ ಮುಖವಿರಲಿಲ್ಲ.

*

ಅಂತಿಮ ದರ್ಶನಕ್ಕೆ ಬಂದ ಮುಖ್ಯಸ್ಥರು ಕುರ್ಚಿ ಎಳೆದುಕೊಂಡರು. ಚಿಕ್ಕಮ್ಮ ನೀರು ಕೊಟ್ಟಳು.

"ಅವರ ಕೈಯಲ್ಲಿ ಏನೂ ದೋಷ ಇರ್ಲಿಲ್ಲಮ್ಮ," ಎಂದರು, ಸಮಾಧಾನ ಹೇಳುವ ದನಿಯಲ್ಲಿ. "ಬೇರೆಯವರ ರಕ್ತ ಹಾಕಿ ನೋಡ್ದೆ. ಪಟ್ಟಿ ಕಣಗಳನ್ನ ಅಚ್ಚುಕಟ್ಟಾಗಿ ಬೇರೆ ಮಾಡ್ತು. ಕೆಟ್ಟಿದ್ದು ಇವರ ರಕ್ತ."

ಮಗಳು ತಲೆಯೆತ್ತಿ ಅವರನ್ನು ನೋಡಿದಳು. "ಯಾವಾಗ ನೋಡಿದ್ರಿ, ಸರ್?"

"ಬೇಸಿಗೇಲಿ."

"ನಮಗೆ ಗೊತ್ತಾಗಿದ್ದು ಚಳಿಗಾಲದಲ್ಲಿ. ಅಷ್ಟೊತ್ತಿಗೆ ಡಾಕ್ಟ್ರು ಕೈಚೆಲ್ಲಿದ್ರು. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋಣ ಅಂತಾನೇ ಇದ್ದೆ. ಅವರು ಆಸ್ಪತ್ರೆ ಸೇರಿಬಿಟ್ರೆ ಪಟ್ಟಿ ಯಾರು ಮಾಡೋರು ಹೇಳಿ?"

"ಆಮೇಲೂ ಬೈತಾನೇ ಇದ್ರಲ್ಲ!"

"ಬೈದ್ರೆ ಇನ್ನೂ ಜಾಸ್ತಿ ಮಾಡ್ತಿದ್ರು, ಪಾಪ."

ಮಗಳು ಅಮ್ಮನ ಕಡೆ ತಿರುಗಿದಳು. ಈ ಮಾತು ಕೇಳಬೇಕಾದವಳು ಕಣ್ಣು ಮುಚ್ಚಿ ಮಲಗಿದ್ದಳು.

ಲೋಟ ಇಡಲು ಅಡುಗೆಮನೆಗೆ ಹೋದ ಮುಖ್ಯಸ್ಥರು ಕಿಟಕಿಯ ಬಳಿ ನಿಂತರು. "ಅರೆ, ಇವು ನಮ್ಮ ಪಟ್ಟಿಗಳೇ ಅಲ್ವಾ?"

ಲೋಟದಲ್ಲಿ ಉಳಿದಿದ್ದ ನೀರನ್ನು ಒಂದರ ಮೇಲೆ ಚೆಲ್ಲಿದರು. ನೀರು ಎಲ್ಲೂ ಹನಿಗಟ್ಟದೆ ಅಂಚಿನವರೆಗೆ ಸಮನಾಗಿ ಹಾಸಿಕೊಂಡಿತು. ಹೊರಗೆ ಹೆಣ ಒಯ್ಯುವ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ಅವರು ಪಟ್ಟಿಗಳನ್ನು ಒಂದೊಂದಾಗಿ ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಳ್ಳತೊಡಗಿದರು.