ವೀಳ್ಯ ಹಿಡಿದ ಮನೆ

ಕೊಳ್ಳುತ್ತೇನೆಂದವರೆಲ್ಲ ಕೊಳ್ಳುವವರಲ್ಲ ಎಂಬುದು ಸಾಕಮ್ಮನಿಗೆ ತಿಳಿಯದ ಸಂಗತಿಯೇನಲ್ಲ. ಹುಣಸೂರಿನ ತಿಮ್ಮಯ್ಯ ಬರುವುದಕ್ಕೆ ಮುಂಚೆಯೇ ಮೂವರು ಬಂದು ಮನೆ ನೋಡಿಕೊಂಡು ಹೋಗಿದ್ದರು. ಮೊದಲನೆಯವನು ಹಗ್ಗ ಹಿಡಿದು ಹಿತ್ತಲಿನ ಉದ್ದಗಲ ಅಳೆದ, ಗೋಡೆಯನ್ನು ಗುದ್ದಿ ನೋಡಿದ, ಎರಡು ಲೋಟ ಮಜ್ಜಿಗೆ ಕುಡಿದ, ಶುಕ್ರವಾರ ಬರುತ್ತೇನೆಂದ. ಯಾವ ಶುಕ್ರವಾರ ಎಂದು ಹೇಳಲಿಲ್ಲ. ಎರಡನೆಯವನು ಹೆಂಡತಿಯನ್ನು ಕರೆತಂದ. ಆಕೆ ನಡುಮನೆಯಲ್ಲಿ ನಿಂತು ಜಂತೆಗಳನ್ನು ಎಣಿಸುವವಳಂತೆ ಮೇಲೆ ನೋಡಿ, ಈ ಮನೆಯ ಗಂಡಸು ಎಷ್ಟನೇ ವಯಸ್ಸಿಗೆ ಹೋದ ಎಂದು ಕೇಳಿದಳು. ಸಾಕಮ್ಮ ಸುಳ್ಳು ಹೇಳಲಿಲ್ಲ. ಅವರು ಮತ್ತೆ ಬರಲಿಲ್ಲ. ಮೂರನೆಯವನು ಇದೇ ಊರು, ಗಾವಡಗೆರೆಯವನೇ. ಅವನಿಗೆ ಬೇಕಿದ್ದದ್ದು ಮನೆಯಲ್ಲ, ತನ್ನ ಮನೆಗೆ ಎಷ್ಟು ಬಂದೀತು ಎಂಬ ಅಂದಾಜು.

ಮಾರಲೇಬೇಕೆಂದು ಅವಳನ್ನು ಯಾರೂ ಬಲವಂತ ಮಾಡಿರಲಿಲ್ಲ. ಒಬ್ಬಳೇ ಮಗಳು ಚೆಲುವಮ್ಮ. ಅವಳ ಗಂಡ ದೇವರಾಜು ಹೆಗ್ಗಡದೇವನಕೋಟೆಗೆ ಹೋಗುವ ದಾರಿಯಲ್ಲಿ, ಹ್ಯಾಂಡ್‌ಪೋಸ್ಟಿನಲ್ಲಿ, ಸೋಗೆ ಮಾಡಿನ ಕೆಳಗೆ ಕಾಫಿ ಕಾಸುತ್ತಿದ್ದ. ಮೋಟಾರು ಬಸ್ಸುಗಳು ಅಲ್ಲಿ ನಿಲ್ಲತೊಡಗಿದ ಮೇಲೆ ಪಕ್ಕದ ಹೆಂಚಿನ ಅಂಗಡಿ ಮಾರಾಟಕ್ಕೆ ಬಂದಿತ್ತು. ಅದನ್ನು ಹಿಡಿದರೆ ಹಿಂದಿನ ಕೋಣೆಯಲ್ಲಿ ಅತ್ತೆಗೂ ಜಾಗವಾಗುತ್ತದೆ ಎಂದು ಅವನೇ ಹೇಳಿದ್ದ. ಬರಿಗೈಯಲ್ಲಿ ಬಂದರೂ ಬೇಡವೆನ್ನುವ ಅಳಿಯನಲ್ಲ. ಆದರೆ ಬರಿಗೈಯಲ್ಲಿ ಹೋಗುವ ಹೆಂಗಸು ಸಾಕಮ್ಮನಲ್ಲ. ಮಗಳ ಒಲೆಯ ಮುಂದೆ ಕೂತು ಉಣ್ಣುವ ಮುದ್ದೆಗೆ ತನ್ನದೂ ಒಂದು ಪಾಲು ಇರಬೇಕು ಎಂಬುದು ಅವಳ ಹಟ.

ತಿಮ್ಮಯ್ಯ ಬಂದದ್ದು ಗೌರಿಹಬ್ಬದ ಹಿಂದಿನ ವಾರ. ಮರದ ವ್ಯಾಪಾರಿ. ಕಾಕನಕೋಟೆ ಕಾಡಿನಿಂದ ದಿಮ್ಮಿ ತುಂಬಿದ ಗಾಡಿಗಳು ಅವನ ಅಂಗಡಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ ಎಂದು ಹುಣಸೂರಿಗೆ ಹೋಗಿಬಂದವರೆಲ್ಲ ಹೇಳುತ್ತಿದ್ದರು. ಹಿರಿಯ ಮಗಳನ್ನು ಇದೇ ಊರಿಗೆ ಕೊಟ್ಟಿದ್ದು, ಅವಳ ಸಂಸಾರವನ್ನು ಬೇರೆ ಹೂಡಿಸಲು ಮನೆ ಬೇಕಾಗಿತ್ತು. ಅವನು ಗೋಡೆ ಗುದ್ದಲಿಲ್ಲ, ಹಗ್ಗ ಹಿಡಿಯಲಿಲ್ಲ. ಕಂಬಗಳನ್ನು ಒಂದು ಸಲ ಸವರಿ, ಇದು ಒಳ್ಳೆಯ ಹೊನ್ನೆ ಎಂದ. ಸಾಕಮ್ಮನಿಗೆ ಆ ಮಾತೇ ಸಾಕಾಯಿತು. ಸೋಮವಾರ ಊರಿನ ಯಜಮಾನರ ಮುಂದೆ ಎಲೆ ಅಡಿಕೆಯ ಮೇಲೆ ಬೆಳ್ಳಿ ರೂಪಾಯಿ ಇಟ್ಟು ತಿಮ್ಮಯ್ಯ ಕೊಟ್ಟ, ಸಾಕಮ್ಮ ಸೆರಗೊಡ್ಡಿ ತೆಗೆದುಕೊಂಡಳು. ಹದಿನೈದು ದಿನದಲ್ಲಿ ಹುಣಸೂರಿನಲ್ಲಿ ಕ್ರಯಪತ್ರವೆಂದು ಮಾತಾಯಿತು.

ಆ ಕಡೆ ಒಂದು ನಡವಳಿಕೆ ಉಂಟು. ವೀಳ್ಯ ಹಿಡಿದ ಮನೆಯಲ್ಲಿ ಮಾರಿದವರು ಒಲೆ ಹಚ್ಚುವುದಿಲ್ಲ. ಮನೆದೇವರ ಪೆಟ್ಟಿಗೆಯನ್ನು ದಾಯಾದಿಗಳ ಮನೆಗೆ ಸಾಗಿಸಿ, ಒಲೆಯ ಗುಂಡು ಕಿತ್ತು, ನೆಲ ಸಾರಿಸಿ ಬೀಗ ಹಾಕುತ್ತಾರೆ. ಪತ್ರವಾಗುವವರೆಗಿನ ನಾಲ್ಕಾರು ದಿನ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಕಳೆಯುತ್ತಾರೆ. ಆಮೇಲೆ ಮನೆ ಕೊಂಡವನದು. ಸಾಕಮ್ಮ ಅಂದೇ ಸಂಜೆ ಪೆಟ್ಟಿಗೆಯನ್ನು ಗೋಡೆಯಾಚೆಯ ಮೈದುನ ಮಂಟಯ್ಯನ ಮನೆಗೆ ಹೊತ್ತುಕೊಟ್ಟಳು. ತಾನು ಹಿತ್ತಲಿನ ಕೊಟ್ಟಿಗೆಗೆ ಹೋದಳು. ಹಸುವನ್ನು ಮಾರಿ ತಿಂಗಳಾಗಿದ್ದರೂ ದನ ಕಟ್ಟುವ ಗೊಂತಿನ ವಾಸನೆ ಹೋಗಿರಲಿಲ್ಲ. ಹದಿನೈದು ದಿನ ತಾನೆ ಎಂದುಕೊಂಡಳು.

ಹದಿನೈದು ದಿನ ಕಳೆಯಿತು. ತಿಮ್ಮಯ್ಯನ ಮನೆಯಲ್ಲಿ ಯಾರಿಗೋ ಜ್ವರ ಎಂದು ಸುದ್ದಿ ಬಂತು. ಆಮೇಲೆ ಪಿತೃಪಕ್ಷ, ಆಗ ಯಾರೂ ಪತ್ರ ಮಾಡುವುದಿಲ್ಲ, ಸರಿ. ಆಮೇಲೆ ತಿಮ್ಮಯ್ಯ ದಸರಾಕ್ಕೆ ಮೈಸೂರಿಗೆ ಹೋಗಿದ್ದಾನೆಂದು ಸುದ್ದಿ. ದಸರಾ ಮುಗಿಯಿತು, ಜಂಬೂಸವಾರಿ ನೋಡಿ ಬಂದವರು ಊರಲ್ಲಿ ಅದರ ಕತೆ ಹೇಳಿ ಹೇಳಿ ಸಾಕಾದರು, ತಿಮ್ಮಯ್ಯನ ಸುಳಿವಿಲ್ಲ. ಸಾಕಮ್ಮ ಒಂದು ದಿನ ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹುಣಸೂರಿಗೆ ನಡೆದಳು.

ಅಂಗಡಿಯಲ್ಲಿ ತಿಮ್ಮಯ್ಯ ಅವಳನ್ನು ಕಂಡು ಎದ್ದೇ ನಿಂತ. ಮಣೆ ಹಾಕಿಸಿದ, ಕಾಫಿ ತರಿಸಿದ, ಮಗಳೆಲ್ಲಿ ಅಳಿಯನೆಲ್ಲಿ ಎಂದು ವಿಚಾರಿಸಿದ. ಚೆಲುವಮ್ಮ ಬಸುರಿ ಎಂಬುದೂ ಮಾತಿನ ನಡುವೆ ಬಂತು. ಪತ್ರದ ಮಾತು ಎತ್ತಿದಾಗ ಮಾತ್ರ ಅಂಗಡಿಯ ಮುಂದೆ ನಿಂತಿದ್ದ ಖಾಲಿ ಗಾಡಿಗಳ ಕಡೆ ನೋಡಿದ.

"ಒಳ್ಳೇ ದಿನ ನೋಡಿಸ್ತಾವ್ನಿ ಕಣವ್ವ. ನಮ್ ಹುಡುಗಿ ಬಾಳಾಟ ಸುರು ಮಾಡೋ ಮನೆ ಅದು. ಅಲ್ಲೀಗಂಟ ಅಲ್ಲಿ ಪುರುಡು ಸೂತಕ ಅಂತ ಏನೂ ಆಗದಂಗೆ ನೋಡ್ಕೊ. ನಂದು ಅದೊಂದೇ ಮಾತು."

ಸಾಕಮ್ಮ ಕಾಫಿಯನ್ನು ಕೆಳಗಿಟ್ಟಳು. ಹೆರಿಗೆಯ ಮೈಲಿಗೆ, ಸಾವಿನ ಮೈಲಿಗೆ ಎರಡೂ ಬೇಡವೆಂದರೆ ನ್ಯಾಯವಾದ ಮಾತೇ. ತಾನೂ ಮಗಳಿಗೆ ಮನೆ ಕೊಳ್ಳುತ್ತಿದ್ದರೆ ಹಾಗೆಯೇ ಕೇಳುತ್ತಿದ್ದಳು. ಆಗಲಿ ಎಂದಳು. ವಾಪಸು ನಡೆಯುವಾಗ ಮಾತ್ರ ಬೆರಳು ಮಡಿಸಿ ತಿಂಗಳುಗಳನ್ನು ಲೆಕ್ಕ ಹಾಕಿದಳು. ಚೆಲುವಮ್ಮನಿಗೆ ಏಳು ತುಂಬುತ್ತಿತ್ತು. ಚೊಚ್ಚಲು, ತವರಿಗೇ ಬರಬೇಕು.

ಆ ವಾರವೇ ಕೃಷ್ಣರಾಜನಗರದ ಕಡೆಯ ಷಣ್ಮುಖಪ್ಪ ಎಂಬವನು ಬಂದ. ಸೊಂಟದ ಚೀಲದಲ್ಲಿ ದುಡ್ಡು ಕಟ್ಟಿಕೊಂಡೇ ಬಂದಿದ್ದ. ತಿಮ್ಮಯ್ಯ ಆಡಿದ್ದಕ್ಕಿಂತ ಸ್ವಲ್ಪ ಕಡಿಮೆ, ಆದರೆ ನಾಳೆಯೇ ಪತ್ರ. ಮಂಟಯ್ಯ ಅತ್ತಿಗೆಯನ್ನು ಗೋಡೆಯ ಮರೆಗೆ ಕರೆದು, ಇಂಥವನು ಮತ್ತೆ ಸಿಕ್ಕುವುದಿಲ್ಲ, ಆ ವೀಳ್ಯದ ರೂಪಾಯಿಯನ್ನು ಹುಣಸೂರಿಗೆ ತಾನೇ ಹಿಂದಕ್ಕೆ ಕೊಟ್ಟು ಬರುತ್ತೇನೆ ಎಂದ.

"ಯಜಮಾನ್ರ ಮುಂದೆ ಸೆರಗೊಡ್ಡಿದೀನಿ ಕಣಪ್ಪ," ಎಂದಳು ಸಾಕಮ್ಮ. "ಒಂದ್ ಬಾಯಲ್ಲಿ ಎಲ್ಡು ವೀಳ್ಯ ಅಗಿಯಾಕಾಯ್ತದಾ?"

"ಅಗಿಯಾದೇನು, ನಿನ್ ಬಾಯಿಗೆ ಇನ್ನೂ ಒಂದೂ ಬಿದ್ದಿಲ್ಲ ಅತ್ಗೆಮ್ಮ. ಕೈಲಿ ಹಿಡ್ಕಂಡು ಒಣಗುಸ್ತಾ ಕುಂತಿದೀಯ."

ಷಣ್ಮುಖಪ್ಪ ಹಿಂದಿನ ಕೇರಿಯಲ್ಲಿ ಬೇರೊಂದು ಮನೆ ಹಿಡಿದ. ಆ ಮನೆಯವರು ನಾಲ್ಕೇ ದಿನಕ್ಕೆ ಗಾಡಿ ಕಟ್ಟಿದರು. ಅವರ ಗಾಡಿ ತನ್ನ ಬಾಗಿಲ ಮುಂದೆ ಹಾದುಹೋಗುವಾಗ ಸಾಕಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಕಾರ್ತಿಕದ ಕೊನೆಗೆ ದೇವರಾಜು ಹೆಂಡತಿಯನ್ನು ಕರೆತಂದು ಬಿಟ್ಟ. ಬೀಗ ಹಾಕಿದ ಬಾಗಿಲನ್ನು ಅವನು ನೋಡಿದ. ಹೆಂಚಿನ ಅಂಗಡಿಯವರಿಗೆ ಪುಷ್ಯದವರೆಗೆ ಕಾಯಿರೆಂದು ಹೇಳಿದ್ದೇನೆ, ಅದಕ್ಕೆ ಮೇಲೆ ಅವರು ನಿಲ್ಲುವುದಿಲ್ಲ ಎಂದಷ್ಟೇ ಹೇಳಿದ. ಇನ್ನೇನು, ಈ ವಾರ ಆಗಿಬಿಡುತ್ತದೆ ಎಂದಳು ಸಾಕಮ್ಮ. ಅವನು ಅತ್ತೆಯ ಮುಖ ನೋಡದೆ ತಲೆಯಾಡಿಸಿ, ಬಸ್ಸಿನ ಹೊತ್ತಾಯಿತೆಂದು ಹೊರಟುಹೋದ.

ಚೆಲುವಮ್ಮ ಮೂರು ದಿನ ಕೊಟ್ಟಿಗೆಯಲ್ಲಿ ಸುಮ್ಮನೆ ಮಲಗಿದಳು. ನಾಲ್ಕನೆಯ ದಿನ, ಒಳಗೆ ನಡುಮನೆಯಲ್ಲಿ ಮಲಗಿದರೆ ಯಾರಿಗೇನಾಗುತ್ತದೆ ಎಂದು ಕೇಳಿದಳು. ಮಲಗುವುದಕ್ಕೇನೋ ಅಡ್ಡಿಯಿಲ್ಲ, ಆದರೆ ನೋವು ಅಲ್ಲೇ ಬಂದುಬಿಟ್ಟರೆ? ಚಿಕ್ಕಪ್ಪನ ಮನೆಯಲ್ಲೂ ಆಗುವಂತಿರಲಿಲ್ಲ. ಮನೆದೇವರ ಪೆಟ್ಟಿಗೆ ಈಗ ಅಲ್ಲಿತ್ತು. ದೇವರಿರುವ ಆ ಇಕ್ಕಟ್ಟಿನಲ್ಲಿ ಪುರುಡು ಬೇಡವೆಂದು ಮಂಟಯ್ಯನ ಹೆಂಡತಿ ಮೊದಲೇ ಹೇಳಿದ್ದಳು. ಸಾಕಮ್ಮ ಇದನ್ನೆಲ್ಲ ಬಿಡಿಸಿ ಹೇಳಿದಳು. ಮಗಳು ಕೇಳಿಸಿಕೊಂಡು, ಆಚೆ ಮಗ್ಗುಲಾದಳು. ಆ ಮಾತನ್ನು ಅವಳು ಎರಡನೆಯ ಸಲ ಎತ್ತಲಿಲ್ಲ. ಎತ್ತಿದ್ದರೆ ಏನಾಗುತ್ತಿತ್ತೋ ಎಂದು ಸಾಕಮ್ಮ ಮುಂದೆ ಎಷ್ಟೋ ಸಲ ಯೋಚಿಸಿದ್ದುಂಟು.

ಮಾರ್ಗಶಿರದಲ್ಲಿ ಹುಣಸೂರಿನಿಂದ ಗಟ್ಟಿ ಸುದ್ದಿಯೇ ಬಂತು. ಗುರುವಾರ ಪತ್ರ ಬರೆಯುವ ಬರಹಗಾರನನ್ನು ಜೊತೆಗೆ ಕರೆದುಕೊಂಡು ತಿಮ್ಮಯ್ಯ ಬರುತ್ತಾನೆ. ಸಾಕಮ್ಮ ಬೀಗ ತೆಗೆದು ಮನೆಯನ್ನು ಇನ್ನೊಂದು ಸಲ ಸಾರಿಸಿ, ಹೊಸ್ತಿಲಿಗೆ ಕೆಮ್ಮಣ್ಣು ಬಳಿದು, ಮತ್ತೆ ಬೀಗ ಹಾಕಿದಳು. ಬುಧವಾರ ಬೆಳಿಗ್ಗೆ ಚೆಲುವಮ್ಮನಿಗೆ ನೋವು ಕಾಣಿಸಿಕೊಂಡಿತು.

ಎರಡು ದಿನದಿಂದ ಜಿನುಗು ಮಳೆ ಹಿಡಿದಿತ್ತು. ಕೊಟ್ಟಿಗೆಯ ಮಾಡು ಒಂದು ಕಡೆ ಸೋರಿ ಗೊಂತಿನ ಮಣ್ಣು ರಾಡಿಯಾಗಿತ್ತು. ಸೂಲಗಿತ್ತಿ ಮರಮ್ಮ ಬಂದವಳು ಬಾಗಿಲಲ್ಲೇ ನಿಂತಳು. ಊರಿನ ಅರ್ಧ ಮಕ್ಕಳನ್ನು ಹಿಡಿದ ಕೈ ಅದು. ಸಾಕಮ್ಮನ ಹೆರಿಗೆ ಮಾಡಿಸಿದವಳೂ ಅವಳೇ. ನೆಲವನ್ನು ಕಾಲಿನಿಂದ ಒತ್ತಿ ನೋಡಿ, ಬೀಗದ ಕೈ ಎಲ್ಲಿ ಎಂದು ಕೇಳಿದಳು.

ಬೀಗದ ಕೈ ಸಾಕಮ್ಮನ ಸೊಂಟದಲ್ಲೇ ಇತ್ತು.

"ನಾಳೆ ಪತ್ರ ಕಣಕ್ಕ," ಎಂದಳು. "ಒಂದೇ ದಿನ. ಮಾತು ಕೊಟ್ಬುಟ್ಟಿದೀನಿ."

"ಆ ತಿಮ್ಮಯ್ಯ ಬಂದು ಇವಳ ಸೊಂಟ ಹಿಡ್ಕತಾನಾ? ತೆಗಿ ಸಾಕಿ. ಇದು ದನ ಕರು ಹಾಕೋ ಜಾಗ."

ಸಾಕಮ್ಮ ಹಿತ್ತಲ ಬಾಗಿಲವರೆಗೆ ಹೋದಳು. ಬೀಗವನ್ನು ಕೈಯಲ್ಲಿ ಹಿಡಿದಳು. ಒಳಗಿನ ನೆಲ ಒಣಗಿ ಬೆಚ್ಚಗಿರುವುದು ಅವಳಿಗೆ ಗೊತ್ತಿತ್ತು. ಹೆಂಚಿನ ಅಂಗಡಿ, ಹಿಂದಿನ ಕೋಣೆ, ಪುಷ್ಯದ ಗಡುವು ಎಲ್ಲ ಒಮ್ಮೆಗೇ ಕಣ್ಣಮುಂದೆ ಬಂದವು. ಮೂರು ತಿಂಗಳು ಕಾದಿದ್ದು ಒಂದು ದಿನದಲ್ಲಿ ಹಾಳಾಗುವುದೇ? ಇದೆಲ್ಲ ಚೆಲುವಿಗಾಗಿಯೇ ಅಲ್ಲವೇ? ತಿರುಗಿ ನೋಡಿದಳು. ಚೆಲುವಮ್ಮ ಕಂಬ ಹಿಡಿದು ಕೂತವಳು ಅವಳನ್ನೇ ನೋಡುತ್ತಿದ್ದಳು. ಸಾಕಮ್ಮ ಬೀಗ ಬಿಟ್ಟು ಹಿಂದಕ್ಕೆ ಬಂದು, ಮಂಟಯ್ಯನ ಮನೆಯಿಂದ ಒಣ ಹುಲ್ಲು ಇಸಿದುಕೊಂಡು ನೆಲದ ಮೇಲೆ ಹರಡಿದಳು. ಮರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹುಲ್ಲಿನ ಮೇಲೆ ಕೂತಳು.

ಸಂಜೆಗೆ ಮುಂಚೆ ಗಂಡುಮಗು ಹುಟ್ಟಿತು. ಚೆನ್ನಾಗಿಯೇ ಅತ್ತಿತು.

ಗುರುವಾರ ತಿಮ್ಮಯ್ಯ ಬರಲಿಲ್ಲ. ಮಧ್ಯಾಹ್ನದವರೆಗೆ ಸಾಕಮ್ಮ ಬೀದಿಯ ತುದಿಯಲ್ಲಿ ನಿಂತಿದ್ದಳು. ಆಮೇಲೆ ಬರಿದಾದ ಬೀದಿಯನ್ನು ನೋಡುವುದಕ್ಕೆ ಆಗದೆ ಕೊಟ್ಟಿಗೆಗೆ ಬಂದಳು. ಶುಕ್ರವಾರವೂ ಇಲ್ಲ, ಶನಿವಾರವೂ ಇಲ್ಲ. ಪುರುಡು ಕಳೆಯಲು ಹನ್ನೊಂದು ದಿನ ಬೇಕು. ಅಷ್ಟರೊಳಗೆ ಯಾವ ಗಳಿಗೆಯಲ್ಲಾದರೂ ಬಂದಾನು ಎಂದು ಬಾಣಂತಿ ಕೊಟ್ಟಿಗೆಯಲ್ಲೇ ಉಳಿದಳು.

ಆರನೆಯ ದಿನ ಮಗು ಮೊಲೆ ಬಿಟ್ಟಿತು. ಹಸಿವಿಲ್ಲವೇನೋ ಎಂದುಕೊಂಡರು. ಸಂಜೆಗೆ ಬಾಯಿ ತೆರೆಯಲು ನೋಡಿದರೆ ದವಡೆ ಸಡಿಲಲಿಲ್ಲ. ಮುಟ್ಟಿದರೆ ಮೈ ಬಿಲ್ಲಿನಂತೆ ಸೆಟೆಯುತ್ತಿತ್ತು. ಬಾಲಗ್ರಹವೆಂದು ಮಂಟಯ್ಯ ತಾಯಿತ ಕಟ್ಟಿಸಿ ತಂದ. ಮರಮ್ಮ ಮಗುವಿನ ಹೊಕ್ಕುಳು ನೋಡಿದಳು, ನೆಲ ನೋಡಿದಳು. ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸುಗಳಲ್ಲಿ ಇದನ್ನು ತಾನು ಮುಂಚೆಯೂ ಕಂಡಿದ್ದೇನೆ ಎಂದು ಹೊರಗೆ ಬಂದು ಮಂಟಯ್ಯನಿಗೆ ಹೇಳಿದಳು. ಸಾಕಮ್ಮನಿಗೆ ಹೇಳಲಿಲ್ಲ; ಸಾಕಮ್ಮನಿಗೆ ಕೇಳಿಸಿತು. ಎಂಟನೆಯ ದಿನ ಮಧ್ಯಾಹ್ನ ಮಗು ಹೋಯಿತು. ಸುದ್ದಿ ತಿಳಿದು ಬಂದ ದೇವರಾಜು ಕೆರೆಯ ಹಿಂದೆ ಮಣ್ಣು ಮಾಡಿ ಬಂದು, ಜಗಲಿಯ ಮೇಲೆ ಒಂದು ದಿನ ಕೂತಿದ್ದು, ಅಂಗಡಿ ಬಿಟ್ಟು ಬಂದಿದ್ದೇನೆಂದು ಹೋದ.

ಹದಿಮೂರನೆಯ ದಿನ ತಿಮ್ಮಯ್ಯ ಬಂದ. ಬರಹಗಾರನೂ ಇದ್ದ. ಸಾಕಮ್ಮ ಅವನು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಎಲ್ಲವನ್ನೂ ಹೇಳಿಬಿಟ್ಟಳು. ಹೆರಿಗೆಯಾಯಿತು, ಮಗು ಹೋಯಿತು, ಆದರೆ ಎರಡೂ ಕೊಟ್ಟಿಗೆಯಲ್ಲಿ, ಮನೆಯೊಳಗೆ ಒಂದು ತೊಟ್ಟು ಬಿದ್ದಿಲ್ಲ, ಬೇಕಾದರೆ ಯಜಮಾನರನ್ನು ಕೇಳಿ ಎಂದಳು. ಹೇಳುವಾಗ ಅವಳ ದನಿ ಸಾಮಾನು ತೋರಿಸುವ ಅಂಗಡಿಯವರ ದನಿಯ ಹಾಗಿತ್ತು. ಅದು ಅವಳಿಗೇ ಕೇಳಿಸಿ ನಡುವೆ ನಿಲ್ಲಿಸಿದಳು.

ತಿಮ್ಮಯ್ಯ ಕೆಟ್ಟ ಮನುಷ್ಯನೇನಲ್ಲ. ಕೇಳಿ ಅವನ ಮುಖ ಇಳಿದುಹೋಯಿತು. ಜಗಲಿಯ ಮೇಲೆ ಕುಸಿದು ಕೂತ.

"ಅಯ್ಯೋ, ಒಳಗೇ ಮಾಡ್ಸದಲ್ವಾ ತಾಯಿ," ಎಂದ. "ಪುರುಡಾದ್ರೆ ಏನು, ಒಂದ್ ಪುಣ್ಯಾಹ ಮಾಡ್ಸಿದ್ರೆ ತೀರ್ತು. ಕಾಕನಕೋಟೆಲಿ ಮರ ಕಡಿಯೋ ಕೂಪಲ್ಲಿ ನನ್ ದುಡ್ಡೆಲ್ಲ ಸಿಕ್ಕಾಕ್ಕೊಂಡಿತ್ತು. ಯಾಪಾರಸ್ತ ಕೈಲಿ ಕಾಸಿಲ್ಲ ಅಂತ ಬಾಯ್ಬುಟ್ಟು ಹೇಳಾಕಾಯ್ತದಾ? ಏನೋ ಒಂದ್ ಮಾತಿಗೆ ಅಂಗಂದೆ."

ಬರಹಗಾರ ಚೀಲದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. ಸಾಕಮ್ಮನಿಗೆ ಮೊದಲು ಹೊಳೆದದ್ದು, ಜಗಲಿಯ ಮಾತು ಕೊಟ್ಟಿಗೆಯಲ್ಲಿರುವ ಮಗಳಿಗೆ ಕೇಳುತ್ತದೆ ಎಂಬುದು. ಮೂರು ತಿಂಗಳು ಅಲ್ಲಿ ಮಲಗಿದ ತನಗೆ ಗೊತ್ತಿಲ್ಲದೆ ಇರುತ್ತದೆಯೇ? ಬೀದಿಯಲ್ಲಿ ಯಾರು ಕೆಮ್ಮಿದರೂ ಕೇಳುತ್ತಿತ್ತು.

ಉಳಿದ ಹಣಕ್ಕೆ ಇನ್ನೂ ಒಂದು ವಾರ ಬೇಕು, ಬರುವ ಸೋಮವಾರ ಹುಣಸೂರಿನಲ್ಲಿ ಪತ್ರ, ತಾನೇ ಗಾಡಿ ಕಳಿಸುತ್ತೇನೆ ಎಂದು ತಿಮ್ಮಯ್ಯ ಹೇಳಿದ. ಹೇಳುವಾಗ ಅವಳ ಕಡೆ ನೋಡಲಿಲ್ಲ. ಸಾಕಮ್ಮ ಹೂಂ ಅಂದಳು.

ಅವರು ಹೋದ ಮೇಲೆ ಹಿತ್ತಲಿಗೆ ಹೋದಳು. ಚೆಲುವಮ್ಮ ಎದ್ದು ಕೂತಿದ್ದಳು. ಕುಪ್ಪಸದ ಮುಂಭಾಗ ಒದ್ದೆಯಾಗಿತ್ತು. ಹಾಲು ನಿಲ್ಲಬೇಕಾದರೆ ಎದೆ ಬಿಗಿಯಾಗಿ ಕಟ್ಟಬೇಕೆಂದು ಮರಮ್ಮ ಹೇಳಿಹೋಗಿದ್ದಳು. ಸಾಕಮ್ಮ ಹಳೆಯ ಸೀರೆಯ ಅಂಚನ್ನು ಉದ್ದಕ್ಕೆ ಹರಿದು ತಂದು ಮಗಳ ಹಿಂದೆ ಕೂತಳು. ಚೆಲುವಮ್ಮ ಹೇಳಿಸಿಕೊಳ್ಳದೆಯೇ ಎರಡೂ ಕೈ ಮೇಲೆತ್ತಿದಳು. ಒಂದು ಸುತ್ತು ಬಂತು, ಎರಡು ಸುತ್ತು ಬಂತು.

"ಸೋಮವಾರ ಅಂತಾ?" ಎಂದು ಕೇಳಿದಳು ಚೆಲುವಮ್ಮ.

"ಸೋಮವಾರ."

"ಬತ್ತಾನಾ?"

ಸಾಕಮ್ಮ ಬಟ್ಟೆಯನ್ನು ಎಳೆದು ಹಿಡಿದಳು. "ಗೊತ್ತಿಲ್ಲ ಕಣವ್ವ," ಎಂದಳು.

ಚೆಲುವಮ್ಮ ಕೈ ಇಳಿಸಲಿಲ್ಲ. ಇನ್ನೂ ಬಿಗಿಯಾಗಿ ಕಟ್ಟು ಎಂದಳು.